ಹೃದಯದಲ್ಲಿ ಉಳಿದ ಮಾತ್ರೆ

ಹಿರೇಗುತ್ತಿ
8 ಡಿಸೆಂಬರ್ 2024

ಪ್ರೀತಿಯ ವಿನುತಾ,

ನೀನು, ನಿತ್ಯಾನಂದ, ಮಗು ಮೂವರೂ ಬೆಳಕೆಯಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಾದರೆ ನಿನ್ನ ಅಪ್ಪ ನಡುವೆ ಬಾಯಿ ಹಾಕಿ ಅರ್ಧ ಕಥೆ ತಾವೇ ಹೇಳುತ್ತಾರೆ. ಅದಕ್ಕೇ ಈ ಕಾಗದ.

ಆಗ ನೀನು ದಿನ ತುಂಬಿದ ಬಸುರಿ ಎಂದು ನನ್ನ ಕಾಯಿಲೆಯನ್ನು ನಿನಗೆ ಬಿಡಿಸಿ ಹೇಳಿರಲಿಲ್ಲ; ಮೊನ್ನೆ ನೀವು ಬಂದಾಗಲೂ ಮಗುವಿನ ಗಡಿಬಿಡಿಯಲ್ಲಿ ಆಗಲಿಲ್ಲ. ಗದ್ದೆಗೆ ಹೋದರೆ ಏದುಸಿರು, ಸಂಜೆಯಾದರೆ ಕಾಲು ಬಾವು. ವಯಸ್ಸಾಯಿತು ಎಂದು ಸುಮ್ಮನಿದ್ದೆ. ನೆರೆಮನೆಯ ಹಮ್ಮಣ್ಣನ ಮಗಳ ಮದುವೆಯಲ್ಲಿ ಅರಿಸಿನದ ಹಾಡು ಹೇಳುತ್ತಿದ್ದವಳು ಅಲ್ಲೇ ಕುಸಿದೆ. ಮಂಗಳೂರಿಗೆ ಒಯ್ದರು.

ನಾನು ನುಂಗುವ ಕೀಲುವಾತದ ಮಾತ್ರೆ ಯಾವಾಗಿನಿಂದ ಎಂದು ಡಾಕ್ಟರಮ್ಮ ಕೇಳಿದರು. ಮಗಳು ಹೈಸ್ಕೂಲಿನಲ್ಲಿದ್ದಾಗಿನಿಂದ ಅಂದೆ. ರಕ್ತನಾಳದೊಳಗೆ ನಳಿಗೆ ಹಾಕಿ ಹೃದಯದ ಚೂರೊಂದನ್ನು ತೆಗೆದು ನೋಡಿದರು. ಆ ಮಾತ್ರೆಯ ಅಂಶ ವರ್ಷಗಟ್ಟಲೆ ಕೂಡಿಕೊಂಡು ಹೃದಯದ ಸ್ನಾಯುವನ್ನೇ ಕೆಡಿಸಿತ್ತಂತೆ. ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಹೀಗಾಗುತ್ತದಂತೆ.

ನಿನ್ನ ಅಪ್ಪ ಮಾತ್ರೆಗೂ, ಬರೆದುಕೊಟ್ಟವರಿಗೂ ಸೇರಿಸಿ ಬೈದರು. ನಾನು ಹೇಳಿದೆ, "ಅದಕ್ಕೆ ಎಂತಕೆ ಬೈತ್ರಿ? ಅದಿಲ್ದಿದ್ರೆ ನಾ ಇಷ್ಟ್ ವರ್ಷ ಗದ್ದೆ ನಟ್ಟಿ ಮಾಡ್ತಿದ್ನಾ?"

ಡಾಕ್ಟರಮ್ಮ ಆ ಮಾತ್ರೆ ನಿಲ್ಲಿಸಿದರು. ಹೃದಯಕ್ಕೆ ಬೇರೆ ಔಷಧಿ, ಮೈನೀರು ಇಳಿಯಲು ಇನ್ನೊಂದು, ಬಡಿತ ತಪ್ಪದಂತೆ ಎದೆಯ ಚರ್ಮದಡಿ ಪುಟ್ಟ ಯಂತ್ರ. ಮೊನ್ನೆ ಸ್ಕ್ಯಾನ್ ಮಾಡಿ, ಹೃದಯ ಬಹಳ ಚೇತರಿಸಿಕೊಂಡಿದೆ ಅಂದರು. ಕೀಲಿಗೂ ಬೇರೆ ಮದ್ದು ಕೊಟ್ಟಿದ್ದಾರೆ. ಚಳಿಗೆ ತುಸು ನೋವು, ಅಷ್ಟೇ.

ಈಗ ಸೊಂಪಾಗಿ ನಿದ್ದೆ ಬರುತ್ತದೆ. ಬದನೆ ಹೂ ಬಿಟ್ಟಿದೆ, ದಿನಾ ಹೋಗಿ ನೋಡುತ್ತೇನೆ. ಹೋದ ವಾರ ಒಂದು ಹಾಡನ್ನು ಕೊನೆಯವರೆಗೂ ಹೇಳಿದೆ. ನಿನ್ನ ಅಪ್ಪ ಒಳಗಿನಿಂದ ಎದ್ದು ಬಂದು ಕೂತು ಕೇಳಿದರು. ಚೆಂದ ಅನ್ನಲಿಲ್ಲ, "ಆತು, ಇನ್ನು ಹೆದ್ರಿಕೆ ಇಲ್ಲ" ಅಂದರು. ನನಗೆ ಅಷ್ಟೇ ಸಾಕಾಯಿತು.

ಧಾರೇಶ್ವರ ದೇವರು ನಿಮ್ಮನ್ನು ತಂಪಾಗಿಟ್ಟಿರಲಿ. ಮಗುವಿಗೆ ಮುತ್ತು.

ನಿನ್ನ,
ಅಮ್ಮ

ತಾ.ಕ.: ಮೊನ್ನೆ ಬಂದಿದ್ದಾಗ ಬೆಳಿಗ್ಗೆ ಮಗುವಿನ ಅಂಗಿಯ ಗುಂಡಿ ಹಾಕಲಾರದೆ ನಿತ್ಯಾನಂದನ ಕೈಗೆ ಕೊಟ್ಟೆಯಲ್ಲ, ಒಲೆಯ ಹತ್ತಿರ ನಿಂತು ನೋಡಿದೆ. ನನಗೂ ಕೀಲುವಾತ ಹೀಗೇ ಬೆರಳಿನಿಂದ ಶುರುವಾಗಿತ್ತು. ಮುಚ್ಚಿಡಬೇಡ, ಬೇಗ ತೋರಿಸು. ನನ್ನ ಸುದ್ದಿ ಕೇಳಿ ಮಾತ್ರೆಗೆ ಹೆದರಬೇಡ. ಡಾಕ್ಟರಿಗೆ ನನ್ನದನ್ನೆಲ್ಲ ಹೇಳು, ಹೃದಯವನ್ನೂ ಆಗಾಗ ನೋಡುತ್ತಿರಲಿ. ನೀನು ಹುಟ್ಟಿದ ದಿನ ನಿನ್ನ ಬೆರಳು ಬಿಡಿಸಿ ನೋಡಿ, ಥೇಟ್ ನನ್ನವೇ ಎಂದು ಊರಿಗೆಲ್ಲ ಹೇಳಿಕೊಂಡವಳು ನಾನು.