ಎರಡು ಸಲ ಟಕ್

ಜೂನ್ 3
ಮತ್ತೆ ರಾಶಿ ವಾಕಿಟಾಕಿ, ರಿಪೇರಿಗೆ. ತಮ್ಮನ ಸೆಟ್‌ನ ಸ್ಪೀಕರ್ ತುಂಬ ಗ್ರೀಸ್. ಹಳಿ ಕೆಲಸದವರಿಗೆಲ್ಲ ಬೈದೆ, ಅವನಿಗೆ ಎರಡು ಜಾಸ್ತಿ.
"ಹೊಸ ಸೆಟ್ ಕೊಡ್ಸು ಅಕ್ಕಾ, ನಿನ್ ಬಾಯಿಗೂ ರೆಸ್ಟ್ ಸಿಗುತ್ತೆ."

ಜೂನ್ 9
ಹೊಸವು ಬಂದವು. ಡಿಜಿಟಲ್. ಗೊರಗೊರ ಸದ್ದೇ ಇಲ್ಲ. ಹಳೆಯವು ಗುಜರಿಗೆ. ಮೊದಲನೆಯದು ತಮ್ಮನ ಕೈಗೆ. ಹೆಮ್ಮೆ... ಸುಳ್ಳೇಕೆ ಹೇಳಲಿ.

ಜೂನ್ 14
ತಮ್ಮ ಊಟಕ್ಕೆ ಬಂದಿದ್ದ. ಮುಖ ಊದಿಸಿಕೊಂಡು.
"ಟಕ್ ಟಕ್ ಹೋಗ್ತಿಲ್ಲ ಅಕ್ಕಾ."
"ಏನೋ ಅದು?"
ಬಂಡೆ ಕೊರೆದ ತಿರುವಿನಲ್ಲಿ ಹಳಿ ಕೆಲಸದವರ ಮಾತು ಇಂಜಿನ್‌ಗೆ ಬರೀ ಗೊರಗೊರ ಎಂದು ಮುಟ್ಟುತ್ತದಂತೆ. ಡ್ರೈವರ್ ಕರೆದಾಗ ಹಳಿಯಿಂದ ಸರಿದು, ಬಟನ್ ಎರಡು ಸಲ ಒತ್ತುವುದು. ಟಕ್ ಟಕ್ ಕೇಳಿಸಿದರೆ ದಾರಿ ಖಾಲಿ. ಕೇಳಿಸದಿದ್ದರೆ ಬ್ರೇಕ್. ಯಾವ ನಿಯಮದಲ್ಲೂ ಇಲ್ಲ. ಇಷ್ಟು ವರ್ಷ ಸೆಟ್ ಬಿಚ್ಚಿ ಜೋಡಿಸಿದವಳಿಗೆ ಗೊತ್ತೇ ಇರಲಿಲ್ಲ! ಹೊಸ ಸೆಟ್ ಚಿಕ್ಕ ಸದ್ದನ್ನು ಕಸವೆಂದು ನುಂಗುತ್ತದೆ. ಅದನ್ನು ಬದಲಿಸಲು ನನ್ನಿಂದಾಗದು, ಕಂಪನಿ ಲಾಕ್ ಮಾಡಿದೆ.

ಜೂನ್ 16
ಸಾಹೇಬರಿಗೆ ಹೇಳಿದೆ. "ಟಕ್ ಟಕ್ ಅನ್ನೋದೂ ಒಂದ್ ಮಾತೇನಮ್ಮಾ? ಬಾಯ್ಬಿಟ್ಟು ಮಾತಾಡೋಕೆ ಹೇಳು." ಹಳೆಯ ಸೆಟ್ ನಾಲ್ಕಾದರೂ ಕೊಡಿ ಎಂದೆ. ಗುಜರಿ ಲಾರಿ ಹೋಗಿಯಾಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಜೂನ್ 23
ಮೊದಮೊದಲು ಟಕ್ ಕೇಳಿಸದೆ ಡ್ರೈವರ್‌ಗಳು ನಿಧಾನ ಮಾಡಿದರಂತೆ. ಲೇಟಾಗಿ ಬೈಸಿಕೊಂಡರು. ಈಗ ಯಾರೂ ಕಾಯುವುದಿಲ್ಲ. ತಮ್ಮ ನಗುತ್ತಲೇ ಹೇಳಿದ. ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ.
"ಆ ತಿರುವಿನ ಕೆಲ್ಸ ಬಿಡೋ."
"ಬಿಟ್ರೆ ಅನ್ನ ನೀನ್ ಹಾಕ್ತೀಯಾ?" ತಟ್ಟೆ ನೋಡಿಕೊಂಡ. "ಓ, ಹಾಕ್ತಾನೇ ಇದ್ದೀಯ. ಇನ್ನೊಂದ್ ಸೌಟು ಹಾಕು."

ಜುಲೈ 11
ಅಮ್ಮ ಇನ್ನೂ ತಮ್ಮನಿಗೂ ಸೇರಿಸಿ ಅಕ್ಕಿ ಅಳೆಯುತ್ತಾಳೆ. ತಿಥಿ ಮುಗಿಸಿ ಇವತ್ತು ಡ್ಯೂಟಿಗೆ ಬಂದೆ.
ಮೇಜಿನ ಮೇಲೆ ತಮ್ಮನ ಸೆಟ್, ತನಿಖೆಗೆ. ಡ್ರೈವರ್ ಕರೆದಿದ್ದನಂತೆ. ಕೊರೆಯುವ ಯಂತ್ರದ ಸದ್ದಿನಲ್ಲಿ ತಮ್ಮನಿಗೆ ಕೇಳಿಸಿಲ್ಲ. ಉತ್ತರವಿಲ್ಲ... ಯಾವತ್ತೂ ಇರುವುದಿಲ್ಲವಲ್ಲ ಎಂದು ಡ್ರೈವರ್ ಬ್ರೇಕ್ ಹಾಕಲಿಲ್ಲ.
"ಬೇರೆಯವ್ರ ಕೈಲಿ ಮಾಡಿಸ್ತೀನಮ್ಮಾ," ಸಾಹೇಬರು ಮೆಲ್ಲಗೆ ಅಂದರು. ಬೇಡ ಎಂದೆ.
ಬ್ಯಾಟರಿ ಸರಿ. ಮೈಕ್ ಸರಿ. ಸ್ಪೀಕರ್‌ನಲ್ಲಿ ಚೂರೂ ಗ್ರೀಸ್ ಇಲ್ಲ. ಒರೆಸಿಟ್ಟುಕೊಂಡಿದ್ದಾನೆ, ನನ್ನ ಬೈಗುಳಕ್ಕೆ ಹೆದರಿ. ಅಯ್ಯೋ ನನ್ನಪ್ಪಾ.
ದೋಷವಿಲ್ಲ ಎಂದು ಬರೆಯಬೇಕು. ಇನ್ನೊಂದು ಸೆಟ್ ಕಿವಿಗಿಟ್ಟುಕೊಂಡು ಅವನ ಬಟನ್ ಎರಡು ಸಲ ಒತ್ತಿದೆ. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದೆ. ಮತ್ತೆ