ಮೊಳೆ ಹೊಡೆಯುವ ಮುಂಚೆ

ಅಪ್ಪಾ,

ಅಮ್ಮನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ. ನಾನು ಬಾಗಿಲ ಹೊರಗೆ ಕೂತಿದ್ದೇನೆ.

ಬೆಳಿಗ್ಗೆ ಅವಳ ಚೀಲಕ್ಕೆ ಹಾಕುವಾಗ, ನೀನು ಮಾಡಿಕೊಟ್ಟ ಶಿಲುಬೆ ನನ್ನ ಕೈಜಾರಿ ಬಿತ್ತು. ಯೇಸುವಿನ ಮೂರ್ತಿ ಕಳಚಿ ಮಂಚದಡಿ ಸೇರಿತು.

“ಗೋಂದು ಹಚ್ಚೋ, ಹೊತ್ತಾಯ್ತು,” ಎಂದಳು ಅಕ್ಕ.

“ಅದೇನು ಹರಿದ ಪುಸ್ತಕಾನಾ?” ಎಂದಳು ಅಮ್ಮ. “ನಿಮ್ಮಪ್ಪ ಮೊಳೆ ಹೊಡೀತಿದ್ರು.”

ನೀನು ತೀರಿಕೊಂಡ ಮೇಲೆ ಯಾರೂ ಮುಟ್ಟದ ಸಣ್ಣ ಸುತ್ತಿಗೆ ತಂದೆ. ಮೂರ್ತಿಯ ಅಂಗೈ ಮೇಲೆ ಮೊಳೆ ಇಟ್ಟೆ, ಆದರೆ ಕೂಡಲೇ ಸುತ್ತಿಗೆ ಎತ್ತಲು ಆಗಲಿಲ್ಲ. ಶಿಲುಬೆ ಮಾಡುವ ನಿನ್ನ ಅಂಗಡಿಯಲ್ಲಿ ನೀನು ಪ್ರತಿ ಮೊಳೆಗೂ ಮೊದಲು “ಕ್ಷಮಿಸು ಸ್ವಾಮಿ” ಅನ್ನುತ್ತಿದ್ದೆ. ನಾನು ಗಿರಾಕಿಗಳ ಎದುರಿಗೇ ನಗುತ್ತಿದ್ದೆ.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದ ಅಮ್ಮ, ನಾನು ಮೊಳೆ ಹೊಡೆದು ತಂದ ಶಿಲುಬೆ ತಡವಿ ನೋಡಿದಳು. “ಹೊಡೆಯೋ ಮುಂಚೆ ಸ್ವಾಮಿನ ಕ್ಷಮೆ ಕೇಳಿದ್ಯಾ?”

“ಕೇಳ್ದೆ ಕಣಮ್ಮ.”

ಒಳಗೆ ಏನೂ ಒಯ್ಯುವಂತಿಲ್ಲ ಎಂದು ನರ್ಸ್ ಅದನ್ನು ನನಗೇ ಕೊಟ್ಟರು. ಮೂರ್ತಿ ಅಲ್ಲಾಡುತ್ತಿದೆಯೇನೋ ಎಂದು ಜೇಬಿನೊಳಗೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ.

ಅಮ್ಮನಿಗೆ ಹೇಳಿದ್ದು ಪೂರ್ತಿ ನಿಜವಲ್ಲ. ಪ್ರತಿ ಮೊಳೆಗೂ ಕ್ಷಮೆ ಕೇಳಿದ್ದು ನಿಜ, ಆದರೆ ಕೇಳಿದ್ದು ನಿನ್ನನ್ನು. ಅವಳು ಹೊರಗೆ ಬಂದ ಕೂಡಲೇ ಹೇಳಿಬಿಡುತ್ತೇನೆ.

ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿದೆ.