ಐದನೇ ಕಪ್ಪು ಪಟ್ಟಿ

೩, ಸೋಮವಾರ. ಸಂಜೆ ೫.೧೦

ಇಂದು ಎರಡು ಸಲ ಇಳಿದೆ. ಬೆಳಿಗ್ಗೆ ಈಜುಕೊಳದ ಡೈವಿಂಗ್ ಟ್ಯಾಂಕಿನ ಗೋಡೆ ಉಜ್ಜಿದ್ದು, ಮಧ್ಯಾಹ್ನ ತಳದ ಜಾಲರಿ ನೋಡಿದ್ದು. ಜಾಲರಿಗೆ ಆರು ಬೋಲ್ಟು. ನಾಲ್ಕು ತುಕ್ಕು ಹಿಡಿದು ಹೋಗಿವೆ. ಕೈಯಿಟ್ಟರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಮೇಲಿನಿಂದ ಹಾರುವ ಮಕ್ಕಳ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಅದಕ್ಕೇ ಟ್ಯಾಂಕು ಮುಚ್ಚಿದ್ದಾರೆ. ನೀರು ಖಾಲಿ ಮಾಡಿದರೆ ಹಳೆಯ ಟೈಲ್ಸ್ ಎದ್ದು ಬರುತ್ತವೆ. ಹಾಗಾಗಿ ನೀರೊಳಗೇ ರಿಪೇರಿ.

ಸೂಪರ್‌ವೈಸರ್ ಬಂದ. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುವುದರಿಂದ ನಮಗೆ ಅವನು ಸೀಟಿ.

"ಹದಿನೆಂಟನೇ ತಾರೀಕಿನೊಳಗೆ ನಾಲ್ಕೂ ಬೋಲ್ಟ್ ಕೂತಿರ್ಬೇಕಮ್ಮ. ಇಲ್ದಿದ್ರೆ ಟ್ಯಾಂಕ್ ಕೆಲ್ಸಾನೇ ಹೊರಗಿನ ಕಂಪನಿಗೆ ಕೊಡ್ತಾರಂತೆ. ನಿಮ್ಮನ್ನ ಟವೆಲ್ ಕೌಂಟರ್‌ಗೆ ಹಾಕ್ತಾರೆ."

ಟವೆಲ್ ಕೌಂಟರ್! ಹದಿನಾಲ್ಕು ವರ್ಷ ಈ ತಳ ನೋಡಿಕೊಂಡವಳು ನಾನು. ಕೆಳಗೆ ನಾನು, ಮೇಲೆ ಹಗ್ಗ ಹಿಡಿದು ಅಕ್ಕ. ನಾಲ್ಕು ಬೋಲ್ಟು ಯಾವ ಮಹಾ.

ಅಕ್ಕ ಹೋಗಿ ಇಂದಿಗೆ ಹತ್ತೊಂಬತ್ತು ದಿನ. ಬಸ್ಸಿಗೆ ಕಾಯುತ್ತ ನಿಂತಿದ್ದಳು. ತಲೆಯಲ್ಲಿ ನರ ಒಡೆಯಿತು ಅಂದರು.

ಈಗ ಹಗ್ಗ ಅವಳ ಮಗಳ ಕೈಲಿ. ಇಪ್ಪತ್ತೈದು ತುಂಬಿದರೂ ಎಲ್ಲರ ಬಾಯಲ್ಲಿ ಗುಬ್ಬಿಯೇ. ಟಿಕೆಟ್ ಕಿಟಕಿಯ ಕೆಲಸ ಬಿಟ್ಟು ನನ್ನ ಜೊತೆ ಬರುತ್ತಿದ್ದಾಳೆ. ಅಮ್ಮನ ಹಾಗೆಯೇ ಹಗ್ಗವನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾಳೆ. ಹೇಳಿಕೊಟ್ಟವರಿಲ್ಲ.

ಇಳಿಯುವ ಮುಂಚೆ ಹಗ್ಗದವರು "ಕಿವಿ?" ಎಂದು ಕೇಳಬೇಕು. ಇಳಿಯುವವರು ಮೂಗು ಹಿಡಿದು ಮೆಲ್ಲಗೆ ಊದಬೇಕು. ಎರಡೂ ಕಡೆ ಟಕ್ ಅಂದರೆ "ಎರಡೂ". ಒಂದೇ ಆದರೆ "ಒಂದೇ" — ಆ ದಿನ ಇಳಿಯುವಂತಿಲ್ಲ, ಯಾಕೆ ಎಂದು ಕೇಳುವಂತೆಯೂ ಇಲ್ಲ. ಅಕ್ಕ ಮಾಡಿದ ಕಟ್ಟಳೆ.

ಇಂದು ಎಡಗಿವಿ ತಡವಾಗಿ ತೆರೆಯಿತು. "ಎರಡೂ" ಅಂದೆ. ತೆರೆಯಿತಲ್ಲ.

೪, ಮಂಗಳವಾರ. ಮಧ್ಯಾಹ್ನ ೧.೩೦

ಟ್ಯಾಂಕಿನ ಗೋಡೆಯಲ್ಲಿ ಮೀಟರಿಗೊಂದು ಕಪ್ಪು ಪಟ್ಟಿ. ಐದು ಪಟ್ಟಿ, ಆಮೇಲೆ ತಳ. ಪ್ರತಿ ಪಟ್ಟಿಗೂ ನಿಂತು, ಮೂಗು ಹಿಡಿದು ಊದಿ, ಮುಂದಕ್ಕೆ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ. ಇದೆಲ್ಲ ನಿದ್ದೆಗಣ್ಣಲ್ಲೂ ಬರುತ್ತದೆ ನನಗೆ.

ಇಂದು ಎರಡನೇ ಪಟ್ಟಿಯಲ್ಲಿ ಎಡಗಿವಿ ಮುಷ್ಕರ ಹೂಡಿತು. ಸ್ವಲ್ಪ ಮೇಲೆ ಬಂದು ಊದಿದೆ. ಇಲ್ಲ. ಮೂರನೇ ಪಟ್ಟಿಗೆ ಹಾಗೇ ಹೋದೆ. ಯಾರೋ ಒಳಗಿಂದ ಹೆಬ್ಬೆರಳು ಒತ್ತಿದ ಹಾಗೆ. ಜೋರಾಗಿ ಊದಿದೆ — ಹೊಸಬರು ಮಾಡುವ ತಪ್ಪು. ವಾಪಸ್ ಬಂದೆ. ಕೆಲಸ ಆಗಲಿಲ್ಲ.

ದಡದಲ್ಲಿ ಸೀಟಿ. "ಕಿವಿಗೆ ಹತ್ತಿ ತುರುಕ್ಕೊಂಡು ಹೋಗಿಬಿಡಿ, ನೀರೇ ಹೋಗಲ್ಲ."

"ಹತ್ತಿ ಬಾಯಿಗೆ ತುರುಕೋದು ಒಳ್ಳೇದು ಸರ್," ಅಂದಳು ಗುಬ್ಬಿ. "ನಮ್ಮದಲ್ಲ."

ಅವನು ನಕ್ಕ, ಪುಣ್ಯಕ್ಕೆ. ತೊಂದರೆ ನೀರು ಒಳಗೆ ಹೋಗುವುದರದ್ದಲ್ಲ, ಮೂಗಿನ ಹಿಂದಿನಿಂದ ಗಾಳಿ ಕಿವಿಯೊಳಗೆ ಹೋಗದಿರುವುದರದ್ದು. ಯಾರಿಗೆ ಬಿಡಿಸಿ ಹೇಳುವುದು.

ಕೆಲಸದ ಪುಸ್ತಕದಲ್ಲಿ ಬರೆದೆ: ಕಿವಿ — ಎರಡೂ.

೬, ಗುರುವಾರ. ಬೆಳಿಗ್ಗೆ ೬

ಕಾರಣ ನನಗೆ ಗೊತ್ತು. ಶೀತವಲ್ಲ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತೇನೆ, ಪಕ್ಕದ ಕೋಣೆಯಲ್ಲಿರುವ ಗುಬ್ಬಿಗೆ ಕೇಳಿಸದ ಹಾಗೆ. ಅತ್ತರೆ ಮೂಗಿನ ಒಳಗೆಲ್ಲ ಊದಿಕೊಳ್ಳುತ್ತದೆ. ದಾರಿ ಮುಚ್ಚುತ್ತದೆ. ಅತ್ತ ದಿನ ಇಳಿಯಬಾರದು ಅನ್ನುತ್ತಿದ್ದಳು ಅಕ್ಕ. ಅವಳಿಗೇನು, ಹೇಳಿ ಹೋದಳು.

ನಿನ್ನೆ ಮೂಗಿಗೆ ಬಿಡುವ ಹನಿ ತಂದೆ. ಈಗ ಎರಡು ಬಿಟ್ಟೆ. ಐದೇ ನಿಮಿಷಕ್ಕೆ ಎರಡೂ ಕಿವಿ ಟಕ್, ಟಕ್. ಹೊಸ ಮನೆಯ ಬಾಗಿಲಿನ ಹಾಗೆ! ಅಕ್ಕ ಇದ್ದಿದ್ದರೆ ಸೀಸೆಯನ್ನೇ ಕಿತ್ತು ಎಸೆಯುತ್ತಿದ್ದಳು. ಇಲ್ಲವಲ್ಲ.

ಅದೇ ದಿನ. ಸಂಜೆ ೪

ಬರೆದುಬಿಡುತ್ತೇನೆ.

ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿದೆ. ಐದೂ ಪಟ್ಟಿ, ಎಲ್ಲೂ ತಡೆಯಿಲ್ಲ. ದಡದ ಕಂಪ್ರೆಸರಿನಿಂದ ಪೈಪಿನಲ್ಲಿ ಗಾಳಿ ಬರುತ್ತದೆ, ಬಾಯಲ್ಲಿ ಕಚ್ಚಿಕೊಂಡರೆ ಗಂಟೆಗಟ್ಟಲೆ ಇರಬಹುದು. ತುಕ್ಕು ಕೆರೆದು, ಹಳೆಯದನ್ನು ತಿರುಚಿ ತೆಗೆದು, ಎರಡು ಹೊಸ ಬೋಲ್ಟು ಕೂರಿಸಿದೆ. ನೂರು ನಿಮಿಷ. ಕೈಗೆ ಹಳೆಯ ಲಯ ಸಿಕ್ಕಿತ್ತು. ಅಲ್ಲಿ ತಳದಲ್ಲಿ ಯೋಚನೆಗಳೂ ಇರುವುದಿಲ್ಲ.

ಮೇಲೆ ಬರುವಾಗ ಎರಡನೇ ಪಟ್ಟಿಯ ಹತ್ತಿರ ಹಣೆಗೆ ಮೊಳೆ ಹೊಡೆದಂತಾಯಿತು. ಹನಿಯ ಶಕ್ತಿ ಮುಗಿದು ದಾರಿ ಮತ್ತೆ ಮುಚ್ಚಿತ್ತು. ಕೆಳಗೆ ಒಳಹೋದ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ. ಹೊರಗೆ ಹೋಗಲು ಬಾಗಿಲಿಲ್ಲ. ಹುಬ್ಬಿನ ಮೇಲೆಲ್ಲ, ಕಣ್ಣಿನ ಹಿಂದೆ…

ಹಗ್ಗ ಎರಡು ಸಲ ಜಗ್ಗಿತು: ಮೇಲೆ ಬಾ. ನಾನು ಒಂದು ಸಲ ಜಗ್ಗಿದೆ: ಇರು. ಮೂರನೇ ಪಟ್ಟಿಗೆ ವಾಪಸ್ ಇಳಿದೆ. ನೋವು ಹಗುರಾಯಿತು. ಅಂಗೈಯಗಲ ಮೇಲೆ, ನಿಲ್ಲು, ಮತ್ತೆ ಅಂಗೈಯಗಲ. ಮೂರು ಮೀಟರಿಗೆ ಇಪ್ಪತ್ತೈದು ನಿಮಿಷ. ಹೆದರಲಿಲ್ಲ. ಹೇಗೆ ಬರಬೇಕೆಂದು ಗೊತ್ತಿತ್ತು. ಹೇಗೆ ಹೋಗಬಾರದಿತ್ತು ಎಂಬುದೂ ಗೊತ್ತಿತ್ತು.

ಮಾಸ್ಕ್ ತೆಗೆದರೆ ಅರ್ಧ ರಕ್ತ.

ಗುಬ್ಬಿ ಕೂಗಾಡಲಿಲ್ಲ. ನನ್ನ ಚೀಲ ತೆರೆದು ಟವೆಲ್ ತೆಗೆದಳು. ಜೊತೆಗೆ ಸೀಸೆಯೂ ಬಂತು.

"ಇದೇನು ಚಿಕ್ಕಮ್ಮ?"

"ಮೂಗಿಗೆ."

"ಬೆಳಿಗ್ಗೆ 'ಎರಡೂ' ಅಂದ್ಯಲ್ಲ, ಅದು ನೀನು ಅಂದಿದ್ದಾ, ಈ ಸೀಸೆ ಅಂದಿದ್ದಾ?"

ಅವಳು ಹಗ್ಗ ಸುತ್ತಿದಳು. ಸುತ್ತುತ್ತಲೇ ಅಂದಳು: "ನಿಂಗೆ ಗೊತ್ತಿರ್ಲಿ. ನೀನು ಅಲ್ಲಿ ನಿಂತಿದ್ದಷ್ಟು ಹೊತ್ತು, ಈ ತುದೀಲಿ ನಾನಿದ್ದೆ."

೭, ಶುಕ್ರವಾರ. ಬೆಳಿಗ್ಗೆ ೧೧

ಕಿವಿ ಡಾಕ್ಟರು. ವಯಸ್ಸಾದ ಹೆಂಗಸು, ಗೋಡೆಯ ಮೇಲೆ ಆಳೆತ್ತರದ ಕಿವಿಯ ಚಿತ್ರ.

"ಪರದೆ ಹರಿದಿಲ್ಲ, ನಿಮ್ಮ ಅದೃಷ್ಟ. ಕೆಂಪಗಾಗಿದೆ. ಹಣೆಯೊಳಗೂ ಊತ. ಶೀತ ಇರೋ ಹಾಗಿಲ್ಲ… ಅಳ್ತಿದೀರಾ?"

"ಸ್ವಲ್ಪ."

"ಎಷ್ಟು ದಿನದಿಂದ?"

"ಮೂರು ವಾರ."

"ಅದು ಸ್ವಲ್ಪ ಅಲ್ಲ." ಬರೆಯುತ್ತ ತಲೆಯೆತ್ತಲಿಲ್ಲ. "ಅಳೋದಕ್ಕೆ ನನ್ನ ಅಡ್ಡಿಯಿಲ್ಲ. ಇಳಿಯೋದಕ್ಕೆ ಇದೆ. ಮೂರು ವಾರ ನೀರಿಗೆ ಹೋಗಬೇಡಿ."

ಮೂರು ವಾರ ಅಂದರೆ ಇಪ್ಪತ್ತೆಂಟು. ಕೊನೆಯ ದಿನ ಹದಿನೆಂಟು. ಎರಡು ಬೋಲ್ಟು ಬಾಕಿ.

೧೨, ಬುಧವಾರ. ಮಧ್ಯಾಹ್ನ ೧೨

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಮಾಡಲಿಲ್ಲ. ಪಂಪ್ ಕೋಣೆ ಒರೆಸಿದೆ.

ನಿನ್ನೆಯಿಂದ ನೋವಿಲ್ಲ. ಬಲಗಿವಿ ಚೆನ್ನಾಗಿದೆ. ಒಂದೂವರೆ ಗಂಟೆಯ ಕೆಲಸ — ಹಲ್ಲು ಕಚ್ಚಿ ಮುಗಿಸೋಣ ಎಂದು ತೀರ್ಮಾನಿಸಿದೆ. ಡಾಕ್ಟರು ವಾಸಿಯಾಯಿತು ಅಂದರು ಎಂದು ಗುಬ್ಬಿಗೆ ಸುಳ್ಳು ಹೇಳಿದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ದಡದಲ್ಲಿ ಕುಳಿತೆ, ಕಾಲು ನೀರಿನಲ್ಲಿ.

"ಕಿವಿ?"

ಮೂಗು ಹಿಡಿದು ಊದಿದೆ. ಬಲಗಡೆ ಟಕ್. ಎಡಗಡೆ ಸದ್ದಿಲ್ಲ. ಬಾಯಿ ತೆರೆದೆ, 'ಎರಡೂ' ಅನ್ನಲು. ಗುಬ್ಬಿ ನನ್ನ ಮುಖ ನೋಡುತ್ತಿರಲಿಲ್ಲ. ನೀರನ್ನೇ ನೋಡುತ್ತ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು. ಒಂದಲ್ಲ, ಮೂರು ಸುತ್ತು. ಚರ್ಮ ಬಿಳಿಚಿಕೊಂಡಿತ್ತು.

"ಒಂದೇ," ಅಂದೆ.

ಯಾಕೆ ಎಂದು ಕೇಳಲಿಲ್ಲ. ಕೇಳುವಂತಿಲ್ಲವಲ್ಲ. ಸುತ್ತು ಬಿಚ್ಚಿ ಪಕ್ಕದಲ್ಲಿ ಕುಳಿತಳು. ಆಗ ಅಳು ಬಂತು. ನಲ್ಲಿಯಿಲ್ಲ, ಬಾಗಿಲಿಲ್ಲ, ಹಾಡುಹಗಲು. ಸೀಟಿ ಆ ಕಡೆ ಬಂದವನು ಹಾಗೇ ಹಿಂದಿರುಗಿದ.

ತುಂಬ ಹೊತ್ತಾದ ಮೇಲೆ ಗುಬ್ಬಿ: "ನಾನು ಇಳೀತೀನಿ."

"ಬೋಲ್ಟ್ ಬಿಗಿಯೋದಂದ್ರೆ ಟಿಕೆಟ್ ಹರಿದ ಹಾಗಲ್ಲ."

"ಹತ್ತು ವರ್ಷ ಊಟಕ್ಕೆ ಕೂತಾಗೆಲ್ಲ ನಿಮ್ಮಿಬ್ಬರ ಬಾಯಲ್ಲಿ ಬೋಲ್ಟೇ. ಅನ್ನಕ್ಕೆ ಅದನ್ನೇ ಕಲಸ್ಕೊಂಡು ತಿಂದಿದೀನಿ. ಅಮ್ಮ ಟ್ರೇನಿಂಗ್‌ಗೂ ಕಳಿಸಿದ್ಲು. ಸರ್ಟಿಫಿಕೇಟ್ ಬೀರುವಲ್ಲಿದೆ, ನೀನೇ ಇಟ್ಟಿದ್ದು."

ನಾನೇ ಇಟ್ಟಿದ್ದು. ಮರೆತಿರಲಿಲ್ಲ. ಒಬ್ಬಳು ಹೋಗಿ ಒಂದು ತಿಂಗಳಾಗಿಲ್ಲ, ಇನ್ನೊಬ್ಬಳನ್ನು ತಳಕ್ಕೆ ಕಳಿಸುವುದು ಹೇಗೆ? ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ಕೇಳಿಸಿತು.

"ಚಿಕ್ಕಮ್ಮ, ಮೇಲೆ ನೀನಿರ್ತೀಯಲ್ಲ."

೧೪, ಶುಕ್ರವಾರ. ಸಂಜೆ ೫.೩೦

ನಿನ್ನೆ ಮೂರನೇ ಪಟ್ಟಿವರೆಗೆ. ಇಂದು ಐದೂ.

ಕೆಲಸಕ್ಕೆ ಇಳಿಸುವ ಮುಂಚೆ ಅಕ್ಕನ ಪಾಠ ನಾನು ಮಾಡಿದೆ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ಕೊಟ್ಟೆ. ತಳಕ್ಕೆ ಒಯ್ದಳು. ಅಲ್ಲಿ ನೀರಿನ ಒತ್ತಡಕ್ಕೆ ಬಾಟಲಿ ಕೆನ್ನೆ ಒಳಗೆ ಎಳೆದುಕೊಂಡು ಮುದುಕಿಯಾಯಿತು. ಮುಚ್ಚಳ ತೆಗೆದು ಪೈಪಿನ ಗಾಳಿ ಒಳಗೆ ಬಿಟ್ಟರೆ ಮತ್ತೆ ಹುಡುಗಿ. "ನಿನ್ನ ಕಿವಿಯೂ ಇಷ್ಟೇ, ಹಣೆಯೂ ಇಷ್ಟೇ" ಅಂದೆ, ಅವಳು ಮೇಲೆ ಬಂದ ಕೂಡಲೇ. ಅಕ್ಕನದೇ ಮಾತು, ಅಕ್ಕನದೇ ಧ್ವನಿ.

ಹುಡುಗಿಯ ಕಿವಿ ಚಿನ್ನ. ಪಟ್ಟಿ ಬರುವ ಮೊದಲೇ ಊದುತ್ತಾಳೆ. ಸ್ಪ್ಯಾನರ್ ಹಿಡಿಯುವುದು ಮಾತ್ರ ಸೌಟು ಹಿಡಿದ ಹಾಗೆ. ತಿದ್ದಿದೆ.

ನನಗೆ ಹೊಸತು ಈ ಮೇಲಿನ ತುದಿ. ಕೆಳಗಿದ್ದಾಗ ಹಗ್ಗ ಇದೆಯೆಂದೇ ಮರೆತಿರುತ್ತಿದ್ದೆ. ಇಲ್ಲಿ ಕುಳಿತರೆ ಅದರಲ್ಲಿ ಎಲ್ಲ ಗೊತ್ತಾಗುತ್ತದೆ — ತಿರುಗಿದ್ದು, ಬಗ್ಗಿದ್ದು, ಉಸಿರು ಬಿಟ್ಟಿದ್ದು. ಹದಿನಾಲ್ಕು ವರ್ಷ ಅಕ್ಕ ಇದನ್ನು ಹಿಡಿದು ಕೂತಿದ್ದಳು. ನಾನೇ ಕೆಲಸ ಮಾಡುವವಳು, ಅವಳು ಬರೀ ಕೂರುವವಳು ಎಂದು ರೇಗಿಸುತ್ತಿದ್ದೆ.

೧೬, ಭಾನುವಾರ. ಸಂಜೆ ೬

ಸೀಟಿ ಸರ್ಟಿಫಿಕೇಟ್ ನೋಡಿದ. ಹಿಂದೆ ಮುಂದೆ ತಿರುಗಿಸಿದ. "ನಿಮ್ಮನೇಲಿ ಇನ್ನೂ ಎಷ್ಟು ಜನ ಇದಾರಮ್ಮ ನೀರಿಗಿಳಿಯೋರು?"

"ಅಷ್ಟೇ ಸರ್. ಇಬ್ಬರೇ," ಅಂದೆ.

ಹೊಸ ಬೋಲ್ಟುಗಳಿಗೆ ಗ್ರೀಸ್ ಹಚ್ಚಿಟ್ಟೆ. ಪೈಪಿನ ಜೋಡಣೆಗಳನ್ನು ಒಂದೊಂದಾಗಿ ನೀರಲ್ಲಿ ಮುಳುಗಿಸಿ ನೋಡಿದೆ, ಗುಳ್ಳೆಯಿಲ್ಲ. ಹಗ್ಗ ಹಿಡಿಯಲು ಅಕ್ಕನ ಗ್ಲೌಸ್ ಹಾಕಿ ನೋಡಿದೆ. ಬೆರಳುಗಳು ಉದ್ದ, ಪರವಾಗಿಲ್ಲ, ಹಿಡಿತ ಸಿಗುತ್ತದೆ.

ಗುಬ್ಬಿಯನ್ನು ಕೇಳಿದೆ, ಕೇಳಲೇಬೇಕಿತ್ತು: "ಅತ್ತಿದ್ದೀಯಾ?"

"ಇಲ್ಲ. ಮಂಗಳವಾರಕ್ಕೆ ಇಟ್ಕೊಂಡಿದೀನಿ. ಕೆಲ್ಸ ಮುಗೀಲಿ."

"ನಾನೂ ಬರ್ತೀನಿ."

"ಬಾ. ನಲ್ಲಿ ತಿರುಗಿಸ್ಬೇಡ, ನೀರು ದಂಡ. ನಂಗೆ ಎಲ್ಲಾ ಕೇಳಿಸುತ್ತೆ."

ನಾಳೆ ಏಳಕ್ಕೆ ಗುಬ್ಬಿ ಇಳಿಯುತ್ತಾಳೆ. ಎರಡು ಬೋಲ್ಟು. ಹಗ್ಗ ನನ್ನ ಕೈಲಿ.